ಡೈವೋರ್ಸ್, ಮಕ್ಕಳ ಸುಪರ್ದಿ, ಜೀವನಾಂಶ: ಹಾಸನ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಜನ ಮೊದಲು ಕೋರ್ಟಿಗೆ ಬರುವುದಿಲ್ಲ. ಮನೆಯ ಹಿರಿಯರು ಕೂತು ಮಾತಾಡುತ್ತಾರೆ. ಆಮೇಲೆ ಊರ ಪಂಚಾಯಿತಿ. ಅದೂ ಆಗದಿದ್ದರೆ ಸ್ಟೇಷನ್ನಿನಲ್ಲಿ ರಾಜಿ. ರಾಜಿ ಮಾತು ಒಳ್ಳೆಯದೇ. ಆದರೆ ಅಷ್ಟರಲ್ಲಿ ಒಂದೆರಡು ವರ್ಷ ಹೋಗಿರುತ್ತದೆ. ಮಗುವಿನ ಫೀಸು, ಔಷಧಿ, ಬಟ್ಟೆ ಎಲ್ಲ ತವರಿನವರ ತಲೆ ಮೇಲೆ ಬಿದ್ದಿರುತ್ತದೆ. ಕಳೆದ ಆ ದಿನಗಳ ಖರ್ಚು ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ. ಹಾಗಾಗಿ ರಾಜಿ ಮಾತು ನಡೆಯಲಿ, ಅದರ ಜೊತೆಗೇ ಕೋರ್ಟಿನ ಅರ್ಜಿಯೂ ಹೋಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿನ ಹೆಚ್ಚಿನ ಉತ್ತರಗಳು 1955ರ ಹಿಂದೂ ವಿವಾಹ ಕಾಯ್ದೆಗೆ ಸೇರಿದವು. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಕೂಡ ಅದರಲ್ಲೇ ಬರುತ್ತಾರೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಮತ್ತು ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮದುವೆ ಆದವರಿಗೆ ಕೆಳಗೆ ಬೇರೆ ಉತ್ತರ ಇದೆ. ಒಂದೊಂದು ಮನೆಯ ಕಥೆ ಒಂದೊಂದು ಥರ. ಆದ್ದರಿಂದ ಯಾವುದೇ ಹೆಜ್ಜೆ ಇಡುವ ಮೊದಲು ನಿಮ್ಮ ಕಾಗದಪತ್ರ ನೋಡಿದ ವಕೀಲರ ಹತ್ತಿರ ಮಾತಾಡಿ.

ಊರಿನವರ ಮುಂದೆ ಬಾಂಡ್ ಪೇಪರ್ ಮೇಲೆ ಬರೆದು ಸಹಿ ಮಾಡಿ ಬೇರೆಯಾಗಿದ್ದೇವೆ. ಡೈವೋರ್ಸ್ ಆದಂತೆ ಅಲ್ವಾ?

ಇಲ್ಲ. ಊರ ಯಜಮಾನರು ಸಾಕ್ಷಿ ಹಾಕಿದ್ದರೂ ಇಲ್ಲ, ನೋಟರಿ ಸೀಲು ಬಿದ್ದಿದ್ದರೂ ಇಲ್ಲ. ಹಿಂದೂ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ. ಕೆಲವು ಸಮುದಾಯಗಳಲ್ಲಿ ಹಳೇ ಕಾಲದಿಂದ ಬಂದ ಬಿಡುಗಡೆ ಪದ್ಧತಿಯನ್ನು ಕಾಯ್ದೆಯ ಸೆಕ್ಷನ್ 29 ಉಳಿಸಿಕೊಂಡಿದೆ ನಿಜ. ಆದರೆ ಅಂಥ ಪದ್ಧತಿ ಇದೆ, ನಮ್ಮ ಜನ ಅದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ ಎಂದು ಸಾಕ್ಷಿ ಸಮೇತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಸುಲಭದ ಕೆಲಸ ಅಲ್ಲ.

ಈ ಕಾಗದ ನಂಬಿಕೊಂಡು ಇನ್ನೊಂದು ಮದುವೆ ಆದವರ ಗತಿ ಕಷ್ಟ. ಮೊದಲ ಮದುವೆ ಕಾನೂನಿನ ಪ್ರಕಾರ ಇನ್ನೂ ಇದೆ. ಆದ್ದರಿಂದ ಎರಡನೆಯದು ಮದುವೆಯೇ ಅಲ್ಲ ಎಂದಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರ ಪ್ರಕಾರ ಅದು 7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ಏನೂ ತಿಳಿಯದೆ ಬಂದ ಎರಡನೇ ಹೆಣ್ಣುಮಗಳು ಹೆಂಡತಿಯ ಹಕ್ಕಿಲ್ಲದೆ ನಿಲ್ಲುತ್ತಾಳೆ. ಆ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಮಾತ್ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 16 ಕಾಪಾಡುತ್ತದೆ, ಅವರು ನ್ಯಾಯಬದ್ಧ ಮಕ್ಕಳೇ.

ಇಂಥ ಕಾಗದದಲ್ಲಿ ಇನ್ನೊಂದು ಸಾಲು ಇದ್ದೇ ಇರುತ್ತದೆ: "ಇಷ್ಟು ಹಣ ಪಡೆದಿದ್ದೇನೆ, ಮುಂದೆ ನನಗಾಗಲಿ ಮಗುವಿಗಾಗಲಿ ಏನೂ ಕೇಳುವುದಿಲ್ಲ." ಮಗುವಿನ ಜೀವನಾಂಶವನ್ನು ತಾಯಿ ಬರೆದುಕೊಟ್ಟು ಬಿಡಲು ಬರುವುದಿಲ್ಲ. ಅದು ಮಗುವಿನ ಹಕ್ಕು. ಹೆಂಡತಿಗೂ ಕಾನೂನು ಕೊಟ್ಟಿರುವ ಜೀವನಾಂಶದ ಹಕ್ಕನ್ನು ಒಪ್ಪಂದದಿಂದ ಅಳಿಸಲು ಬರುವುದಿಲ್ಲ ಎಂದು ಕೋರ್ಟುಗಳು ಹೇಳುತ್ತ ಬಂದಿವೆ. ಆದರೂ ಆ ಸಹಿ ಅಪಾಯಕಾರಿ. ಇಬ್ಬರೂ ಒಪ್ಪಿ ಬೇರೆ ಇರುವ ಹೆಂಡತಿಗೆ ಜೀವನಾಂಶ ಇಲ್ಲ ಎಂಬ ಮಾತು ಜೀವನಾಂಶದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಲ್ಲಿದೆ (ಹಳೇ ಸಿಆರ್‌ಪಿಸಿ 125). ಎದುರಿನ ವಕೀಲರು ನಿಮ್ಮ ಬಾಂಡ್ ಪೇಪರನ್ನೇ ತೋರಿಸಿ, "ನೋಡಿ ಸ್ವಾಮಿ, ಒಪ್ಪಿಯೇ ಹೋಗಿದ್ದಾರೆ" ಎಂದು ವಾದಿಸುತ್ತಾರೆ. ದಯವಿಟ್ಟು ಯಾರ ಒತ್ತಾಯಕ್ಕೂ ಇಂಥದಕ್ಕೆ ಸಹಿ ಹಾಕಬೇಡಿ.

ಮದುವೆ ಆಗಿದ್ದು ಧರ್ಮಸ್ಥಳದಲ್ಲಿ, ಸಂಸಾರ ಮಾಡಿದ್ದು ಬೆಂಗಳೂರಿನಲ್ಲಿ, ಈಗ ಅರಸೀಕೆರೆ ಹತ್ತಿರ ತವರಿನಲ್ಲಿದ್ದೇನೆ. ಕೇಸು ಎಲ್ಲಿ ಹಾಕಬೇಕು?

ನೀವು ಹೆಂಡತಿಯಾದರೆ ಈಗ ವಾಸ ಇರುವ ಜಾಗದಲ್ಲೇ ಹಾಕಬಹುದು. 2003ರ ತಿದ್ದುಪಡಿಯಿಂದ ಈ ಅನುಕೂಲ ಬಂತು. ಮದುವೆ ಆದ ಜಾಗ, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಜಾಗ, ಎದುರಿನವರು ವಾಸ ಇರುವ ಜಾಗ, ಈ ಮೂರು ಗಂಡ ಹೆಂಡತಿ ಇಬ್ಬರಿಗೂ ಇವೆ. ಜೀವನಾಂಶದ ಅರ್ಜಿಯನ್ನೂ ನೀವಿರುವ ಕಡೆಯೇ ಹಾಕಬಹುದು. ಮಗುವಿನ ಸುಪರ್ದಿಯ ಅರ್ಜಿ ಮಾತ್ರ ಮಗು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತದೋ ಆ ಊರಿನ ಕೋರ್ಟಿಗೆ ಹೋಗಬೇಕು.

ಹಾಸನದಲ್ಲಿ ಫ್ಯಾಮಿಲಿ ಕೋರ್ಟ್ ಇದೆ. ಫ್ಯಾಮಿಲಿ ಕೋರ್ಟಿನ ವ್ಯಾಪ್ತಿ ಇಲ್ಲದ ಕಡೆ ಇಂಥ ಕೇಸುಗಳನ್ನು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟ್ ನಡೆಸುತ್ತದೆ. ನಿಮ್ಮ ಊರು ಯಾವುದಕ್ಕೆ ಸೇರುತ್ತದೆ ಎಂದು ಕೇಸು ಹಾಕುವ ಮುಂಚೆಯೇ ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ತಪ್ಪು ಕೋರ್ಟಿಗೆ ಹೋದರೆ ಸುಮ್ನೆ ತಿಂಗಳುಗಳು ಹಾಳು. ಗಂಡ ಬೆಂಗಳೂರಿನಲ್ಲಿ ಕೇಸು ಹಾಕಿದ್ದು, ಸಣ್ಣ ಮಗು ಎತ್ತಿಕೊಂಡು ಅಲ್ಲಿಗೆ ಓಡಾಡಲು ನಿಮಗೆ ಆಗದಿದ್ದರೆ, ಕೇಸನ್ನು ಈ ಕಡೆಗೆ ವರ್ಗಾಯಿಸಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಬಹುದು.

ಮದುವೆ ರಿಜಿಸ್ಟರ್ ಮಾಡಿಸಿಲ್ಲ. ಕೇಸು ಹಾಕಲು ಬರುತ್ತಾ?

ಬರುತ್ತದೆ. ರಿಜಿಸ್ಟರ್ ಆಗಿಲ್ಲ ಎಂಬ ಕಾರಣಕ್ಕೆ ಮದುವೆ ಅಸಿಂಧು ಆಗುವುದಿಲ್ಲ. ಲಗ್ನಪತ್ರಿಕೆ, ಧಾರೆಯ ಫೋಟೋ, ವಿಡಿಯೊ, ಛತ್ರದ ರಸೀದಿ, ಇಬ್ಬರ ಹೆಸರೂ ಇರುವ ರೇಷನ್ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ ಇವೆಲ್ಲ ಸಾಕ್ಷಿಯೇ.

ಇಬ್ಬರೂ ಒಪ್ಪಿದ್ದೇವೆ. ಎಷ್ಟು ದಿನದಲ್ಲಿ ಮುಗಿಯುತ್ತದೆ?

ಪರಸ್ಪರ ಒಪ್ಪಿಗೆಯ ಅರ್ಜಿ ಸೆಕ್ಷನ್ 13ಬಿ ಅಡಿ ಹೋಗುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ 1 ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿ 6 ತಿಂಗಳು ಕಳೆದ ಮೇಲೆ, 18 ತಿಂಗಳ ಒಳಗೆ, ಇಬ್ಬರೂ ಮತ್ತೆ ಕೋರ್ಟಿಗೆ ಬಂದು ನಮ್ಮ ಮನಸ್ಸು ಬದಲಾಗಿಲ್ಲ ಎಂದು ಹೇಳಬೇಕು. ಈ 6 ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಬಹಳ ಕಾಲದಿಂದ ಬೇರೆ ಇದ್ದು, ಜೀವನಾಂಶ, ಮಗು, ಒಡವೆ ಎಲ್ಲ ಇತ್ಯರ್ಥ ಆಗಿದ್ದರೆ ಮನ್ನಾ ಕೇಳಿ.

ಡಿಕ್ರಿ ಬರುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಪೂರ್ತಿ ಹಣ ಮೊದಲೇ ಕೊಟ್ಟುಬಿಟ್ಟರೆ ಹಣ ಪಡೆದವರು ಎರಡನೇ ಹೇಳಿಕೆಗೆ ಬರದೇ ಹೋಗಬಹುದು. ಹಣ ಕೊಡಬೇಕಾದವರು "ಡಿಕ್ರಿ ಆಗಲಿ, ಆಮೇಲೆ ಕೊಡುತ್ತೇನೆ" ಎಂದು ಕೈ ಎತ್ತಬಹುದು. ಹಣವನ್ನು ಕಂತಿನಲ್ಲಿ ಮಾಡಿ, ಕೊನೆಯ ಕಂತಿನ ಡಿಡಿಯನ್ನು ಎರಡನೇ ಹೇಳಿಕೆಯ ದಿನ ಜಡ್ಜ್ ಎದುರಿಗೇ ಕೊಡುವಂತೆ ಒಪ್ಪಂದ ಬರೆಸಿ. ಮಗುವಿನ ಭೇಟಿ, ಶಾಲೆ ಖರ್ಚು, ಒಡವೆ, ಬಾಕಿ ಇರುವ ಪೊಲೀಸ್ ಕೇಸು, ಒಟ್ಟಿಗೆ ಮಾಡಿದ ಸಾಲ ಇವೆಲ್ಲ ಆ ಕಾಗದದಲ್ಲಿ ಬಿಡಿಬಿಡಿಯಾಗಿ ಇರಲಿ.

ಒಬ್ಬರು ಒಪ್ಪದಿದ್ದರೆ?

ಆಗ ಕಾರಣ ಹೇಳಿ ಸಾಬೀತು ಮಾಡಬೇಕು. ಕ್ರೌರ್ಯ, ಅನೈತಿಕ ಸಂಬಂಧ, ಕಾರಣವಿಲ್ಲದೆ ಸತತ 2 ವರ್ಷ ಬಿಟ್ಟುಹೋಗಿರುವುದು, ಮತಾಂತರ, ವಾಸಿಯಾಗದ ತೀವ್ರ ಮಾನಸಿಕ ಕಾಯಿಲೆ, 7 ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು ಇವು ಸೆಕ್ಷನ್ 13ರ ಮುಖ್ಯ ಕಾರಣಗಳು. ಕ್ರೌರ್ಯ ಅಂದರೆ ಹೊಡೆತ ಮಾತ್ರ ಅಲ್ಲ. ಸದಾ ಅವಮಾನ, ಸುಳ್ಳು ಆರೋಪ, ಕುಡಿದು ಬಂದು ದಿನಾ ಗಲಾಟೆ ಕೂಡ ಅದರಲ್ಲಿ ಬರುತ್ತವೆ. ಸಂಸಾರದಲ್ಲಿ ಎಲ್ಲರ ಮನೆಯಲ್ಲೂ ಇರುವ ಜಗಳವನ್ನು ಕ್ರೌರ್ಯ ಎಂದು ಕೋರ್ಟ್ ಒಪ್ಪುವುದಿಲ್ಲ.

"ಮದುವೆ ಸತ್ತುಹೋಗಿದೆ, ಇನ್ನು ಸರಿ ಹೋಗಲ್ಲ" ಎಂಬುದು ಫ್ಯಾಮಿಲಿ ಕೋರ್ಟಿನ ಮುಂದೆ ಪ್ರತ್ಯೇಕ ಕಾರಣ ಆಗುವುದಿಲ್ಲ. 2023ರಲ್ಲಿ ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಬಂದ ತೀರ್ಪು ತೋರಿಸಿ ಬಹಳ ಜನ ಕೇಳುತ್ತಾರೆ. ಅದು ಸಂವಿಧಾನದ 142ನೇ ವಿಧಿ ಸುಪ್ರೀಂ ಕೋರ್ಟಿಗೆ ಮಾತ್ರ ಕೊಟ್ಟಿರುವ ಅಧಿಕಾರ. ಇನ್ನು, ಮದುವೆಯಾದ ಮೊದಲ ಒಂದು ವರ್ಷದಲ್ಲಿ ವಿಪರೀತ ಕಷ್ಟದ ಸಂದರ್ಭ ಬಿಟ್ಟು ಡೈವೋರ್ಸ್ ಅರ್ಜಿ ಹಾಕಲು ಬರುವುದಿಲ್ಲ.

ಎರಡು ವರ್ಷ ಬೇರೆ ಇದ್ದರೆ ತಾನಾಗಿಯೇ ಡೈವೋರ್ಸ್ ಆಗುತ್ತಂತೆ, ಹೌದಾ?

ಇಪ್ಪತ್ತು ವರ್ಷ ಬೇರೆ ಇದ್ದರೂ ತಾನಾಗಿ ಆಗುವುದಿಲ್ಲ.

ಗಂಡನ ಕಡೆಯಿಂದ "ಬಂದು ಸಂಸಾರ ಮಾಡು" ಎಂದು ಕೋರ್ಟ್ ನೋಟಿಸ್ ಬಂದಿದೆ. ತಗೊಳ್ಳದೆ ವಾಪಸ್ ಕಳಿಸಲೇ?

ಬೇಡ. ನೋಟಿಸ್ ನಿರಾಕರಿಸಿದರೆ ತಲುಪಿದಂತೆ ಎಂದೇ ಕೋರ್ಟ್ ತೆಗೆದುಕೊಳ್ಳುತ್ತದೆ. ಕೇಸು ಏಕಪಕ್ಷೀಯವಾಗಿ ನಡೆದು ನಿಮ್ಮ ಮಾತು ಕೇಳದೆಯೇ ಆದೇಶ ಆಗುತ್ತದೆ. ಅದನ್ನು ರದ್ದು ಮಾಡಿಸುವ ದಾರಿ ಇದೆ. ಆದರೆ ಕಾಲಮಿತಿ ಕಡಿಮೆ, ಸರಿಯಾದ ಕಾರಣವನ್ನೂ ಕೊಡಬೇಕು.

ನೀವು ಹೇಳಿದ್ದು ಸೆಕ್ಷನ್ 9ರ ಕೇಸು. ಜೀವನಾಂಶ ತಪ್ಪಿಸಿಕೊಳ್ಳಲೆಂದೇ ಇದನ್ನು ಹಾಕುವವರೂ ಇದ್ದಾರೆ, ನಿಜವಾಗಿ ಸಂಸಾರ ಉಳಿಸಿಕೊಳ್ಳಲು ಹಾಕುವವರೂ ಇದ್ದಾರೆ. ಹೋಗಿ ಉತ್ತರ ಕೊಡಿ. ಮನೆ ಬಿಟ್ಟು ಬಂದ ಕಾರಣ ಹೇಳಿ. ಅವರ ಪರ ಡಿಕ್ರಿ ಆಗಿ ನೀವು ಹೋಗದಿದ್ದರೂ ಅಷ್ಟಕ್ಕೇ ಜೀವನಾಂಶ ನಿಂತುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ವಾಪಸ್ ಹೋಗದಿರಲು ತಕ್ಕ ಕಾರಣ ಇತ್ತೇ ಎಂದು ನೋಡಲೇಬೇಕು. ಆದರೆ ಡಿಕ್ರಿ ಆಗಿ ಒಂದು ವರ್ಷ ಒಟ್ಟಿಗೆ ಬಾಳದಿದ್ದರೆ ಅದೇ ಡೈವೋರ್ಸಿಗೆ ಕಾರಣ ಆಗುತ್ತದೆ, ನೆನಪಿರಲಿ.

ಮಗು ಯಾರ ಹತ್ತಿರ ಇರುತ್ತೆ?

ಎಲ್ಲಕ್ಕಿಂತ ಜಾಸ್ತಿ ನೋವಿನಿಂದ ಕೇಳುವ ಪ್ರಶ್ನೆ ಇದು. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಹೇಳುತ್ತದೆ. ಅದಕ್ಕೆ ಅರ್ಥ, 5 ವರ್ಷ ತುಂಬಿದ ಮಾರನೇ ದಿನ ಅಪ್ಪ ಬಂದು ಕರೆದುಕೊಂಡು ಹೋಗಬಹುದು ಎಂದಲ್ಲ. ಅದೇ ಕಾಯ್ದೆಯ ಸೆಕ್ಷನ್ 13 ಮಗುವಿನ ಒಳಿತೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ. ಅಪ್ಪನ ಹಕ್ಕು, ಅಮ್ಮನ ಹಕ್ಕು ಎರಡೂ ಅದರ ಕೆಳಗೆ.

ಒಳಿತು ಅಂದರೆ ಏನು? ಈಗ ಮಗು ಯಾರ ಹತ್ತಿರ ಹೊಂದಿಕೊಂಡಿದೆ, ಶಾಲೆ ಎಲ್ಲಿ, ಹುಷಾರಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಕುಡಿತ ಹೊಡೆತ ಇದೆಯೇ, ಅಣ್ಣ ತಂಗಿ ಒಟ್ಟಿಗೆ ಇರಲು ಆಗುತ್ತದೆಯೇ, ಈ ಥರ ಕೋರ್ಟ್ ನೋಡುತ್ತದೆ. ಯಾರ ಹತ್ತಿರ ಹಣ ಜಾಸ್ತಿ ಎಂಬುದರ ಮೇಲೆ ಮಾತ್ರ ತೀರ್ಮಾನ ಆಗುವುದಿಲ್ಲ. ಸಕಲೇಶಪುರದಲ್ಲಿ ಕಾಫಿ ತೋಟ ಇರುವ ಅಪ್ಪ, ಹಾಸನದಲ್ಲಿ ಬಾಡಿಗೆ ಮನೆಯಲ್ಲಿ ಹೊಲಿಗೆ ಮಾಡುವ ಅಮ್ಮ ಇದ್ದರೆ, ತೋಟ ಇರುವವರಿಗೇ ಮಗು ಎಂದು ಹೆದರಬೇಕಾಗಿಲ್ಲ. ಅಮ್ಮನ ಹತ್ತಿರ ಹಣ ಕಡಿಮೆ ಇದ್ದರೆ ಆ ಕೊರತೆ ತುಂಬಬೇಕಾದ್ದು ಅಪ್ಪನ ಜೀವನಾಂಶ. ಹಾಗೆಯೇ, ಮಗುವನ್ನು ಮೊದಲಿಂದಲೂ ತಾನೇ ಎತ್ತಿ ಆಡಿಸಿ ಸಾಕಿದ ಅಪ್ಪನಿಗೂ ಸುಪರ್ದಿ ಸಿಕ್ಕ ಉದಾಹರಣೆಗಳಿವೆ. ಗಂಡಸು ಎಂಬ ಒಂದೇ ಕಾರಣಕ್ಕೆ ಆಸೆ ಬಿಡಬೇಡಿ.

ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಜಡ್ಜ್ ಕೇಳುತ್ತಾರೆ. ಅದಕ್ಕೆ ಇಷ್ಟೇ ವಯಸ್ಸು ಎಂಬ ಗೆರೆ ಇಲ್ಲ. ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರನ್ನೂ ಆಚೆ ಇಟ್ಟು ಚೇಂಬರಿನಲ್ಲಿ ಮಾತಾಡಿಸುತ್ತಾರೆ. ಹಿಂದಿನ ರಾತ್ರಿ ಮಗುವಿಗೆ "ಹೀಗೆ ಹೇಳು" ಎಂದು ಪಾಠ ಮಾಡಬೇಡಿ. ಹೇಳಿಕೊಟ್ಟ ಮಾತು ಜಡ್ಜ್‌ಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಪ್ಪನನ್ನೋ ಅಮ್ಮನನ್ನೋ ದೂರಬೇಕಾದ ಭಾರ ಆ ಪುಟ್ಟ ಜೀವದ ಮೇಲೆ ಬೀಳುತ್ತದೆ.

ಸುಪರ್ದಿಯ ಆದೇಶ ಕಲ್ಲಿನ ಮೇಲಿನ ಬರಹ ಅಲ್ಲ. ಪರಿಸ್ಥಿತಿ ಬದಲಾದರೆ ಯಾರು ಬೇಕಾದರೂ ಮತ್ತೆ ಅರ್ಜಿ ಹಾಕಬಹುದು.

ಮಗುವನ್ನು ನೋಡಲು ಬಿಡುತ್ತಿಲ್ಲ. ಹಾಗಾಗಿ ದುಡ್ಡು ಕೊಡುವುದನ್ನು ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಇದೇ ಪ್ರಶ್ನೆಯನ್ನು ಅಮ್ಮಂದಿರು ತಿರುಗಿಸಿ ಕೇಳುತ್ತಾರೆ: "ದುಡ್ಡು ಕೊಡುತ್ತಿಲ್ಲ, ಮಗು ಯಾಕೆ ತೋರಿಸಬೇಕು?" ಅವರಿಗೂ ಇದೇ ಉತ್ತರ. ಭೇಟಿ ಒಂದು ಆದೇಶ, ಜೀವನಾಂಶ ಇನ್ನೊಂದು. ಒಂದು ಮುರಿದರು ಎಂದು ಇನ್ನೊಂದು ಮುರಿಯಲು ಕಾನೂನು ಬಿಡುವುದಿಲ್ಲ. ದೊಡ್ಡವರು ಹೀಗೆ ಲೆಕ್ಕ ತೀರಿಸಿಕೊಳ್ಳಲು ಹೋದಾಗ ಮಗುವಿಗೆ ಅನ್ನವೂ ಕಡಿಮೆಯಾಗುತ್ತದೆ, ಅಪ್ಪನ ಮುಖವೂ ಮರೆಯುತ್ತದೆ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಾಡಬೇಕಾದ್ದು ಇಷ್ಟು. ಭೇಟಿಗೆ ಅರ್ಜಿ ಹಾಕಿ, ಆದೇಶ ಸ್ಪಷ್ಟವಾಗಿರುವಂತೆ ಕೇಳಿ. "ಆಗಾಗ ನೋಡಬಹುದು" ಎಂದಿದ್ದರೆ ಪ್ರತಿ ಸಲವೂ ಜಗಳ ಗ್ಯಾರಂಟಿ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ಕರೆತರುತ್ತಾರೆ, ಎಲ್ಲಿ ಒಪ್ಪಿಸುತ್ತಾರೆ ಎಂದೆಲ್ಲ ಬರೆದಿರಬೇಕು. ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೊಳ್ಳುವುದು, ಹಾಸನಾಂಬ ದೇವಿಯ ಬಾಗಿಲು ತೆಗೆಯುವ ದಿನಗಳಲ್ಲಿ, ಯುಗಾದಿಗೆ, ಮಗುವಿನ ಹುಟ್ಟುಹಬ್ಬಕ್ಕೆ ಯಾರ ಜೊತೆ ಎಂಬುದೂ ಇರಲಿ. ಅಜ್ಜಿ ತಾತ ನೋಡುವ ಮಾತೂ ಸೇರಿಸಿ. ಸುಪರ್ದಿ ಸಿಗದ ಪೋಷಕರಿಗೂ ಮಗುವಿನ ಜೊತೆ ಫೋನು, ವಿಡಿಯೊ ಕಾಲ್ ಮೂಲಕ ಸಂಪರ್ಕ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಹೊರ ದೇಶದಲ್ಲೋ ದೂರದ ಊರಿನಲ್ಲೋ ಕೆಲಸ ಮಾಡುವವರು ಇದನ್ನು ಖಂಡಿತ ಕೇಳಿಕೊಳ್ಳಿ.

ಹಬ್ಬಕ್ಕೆಂದು ಮಗುವನ್ನು ಕರೆದುಕೊಂಡು ಹೋದವರು ವಾಪಸ್ ಕಳಿಸುತ್ತಿಲ್ಲ. ಏನು ಮಾಡಲಿ?

ಕಾಯಬೇಡಿ. ಮಗು ಅಲ್ಲಿ ಹೊಸ ಶಾಲೆಗೆ ಸೇರಿ ಒಂದು ವರ್ಷ ಕಳೆದರೆ "ಈಗ ಇಲ್ಲೇ ಹೊಂದಿಕೊಂಡಿದೆ" ಎಂಬ ವಾದಕ್ಕೆ ಬಲ ಬರುತ್ತದೆ. ಸುಪರ್ದಿ ಅರ್ಜಿಯ ಜೊತೆಗೇ ಮಧ್ಯಂತರ ಸುಪರ್ದಿಯನ್ನೂ ಕೇಳಿ. ಕೌಟುಂಬಿಕ ಹಿಂಸೆ ಕಾಯ್ದೆಯ ಕೇಸು ಇದ್ದರೆ ಸೆಕ್ಷನ್ 21ರ ಅಡಿ ತಾತ್ಕಾಲಿಕ ಸುಪರ್ದಿ ಕೇಳಬಹುದು. ತೀರಾ ಎಳೆ ಮಗುವನ್ನು ಕಿತ್ತುಕೊಂಡು ಹೋಗಿದ್ದರೆ, ಇರುವ ಆದೇಶ ಮೀರಿ ಇಟ್ಟುಕೊಂಡಿದ್ದರೆ, ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿಯ ದಾರಿಯೂ ಇದೆ. ನೀವೂ ನೆಂಟರನ್ನು ಕಟ್ಟಿಕೊಂಡು ಹೋಗಿ ಮಗುವನ್ನು ಎಳೆದು ತರುವ ಕೆಲಸ ಮಾತ್ರ ಮಾಡಬೇಡಿ.

ಜೀವನಾಂಶ ಕೇಳಲು ಡೈವೋರ್ಸ್ ಕೇಸು ಹಾಕಲೇಬೇಕಾ?

ಬೇಕಿಲ್ಲ. ಡೈವೋರ್ಸ್ ಬೇಡ, ಸಂಸಾರ ಸರಿ ಹೋಗಲಿ ಎಂದು ಕಾಯುತ್ತಿರುವವರೂ ಕೇಳಬಹುದು. ಹಳೇ ಸಿಆರ್‌ಪಿಸಿ 125 ಎಂದು ಎಲ್ಲರಿಗೂ ಗೊತ್ತಿದ್ದ ಕಾನೂನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ. ಹೆಂಡತಿ, ಮಕ್ಕಳು, ವಯಸ್ಸಾದ ತಂದೆ ತಾಯಿ ಕೇಳಬಹುದು. ಯಾವ ಧರ್ಮದವರಾದರೂ ಸರಿ. ಡೈವೋರ್ಸ್ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರಲ್ಲಿ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು, ಸೆಕ್ಷನ್ 25ರಲ್ಲಿ ಶಾಶ್ವತ ಜೀವನಾಂಶ ಕೇಳಬಹುದು. ಈ ಎರಡನ್ನು ಆದಾಯ ಇಲ್ಲದ ಗಂಡನೂ ಕೇಳಬಹುದು.

ಎರಡು ಕಡೆ ಅರ್ಜಿ ಹಾಕಬಹುದು. ಆದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಮುಚ್ಚಿಡಬಾರದು. ಕೋರ್ಟ್ ಅದನ್ನು ಹೊಂದಿಸಿ ಲೆಕ್ಕ ಹಾಕುತ್ತದೆ.

ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನು ಹೇಳುತ್ತೇನೆ. 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು ಎಂದಿತು. ಆದೇಶ ಎರಡು ವರ್ಷ ತಡವಾದರೂ ಲೆಕ್ಕ ಅರ್ಜಿಯ ದಿನದಿಂದಲೇ. ಅರ್ಜಿ ಹಾಕದೆ ಕಾದ ದಿನಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮಧ್ಯಂತರ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದಲ್ಲಿ, ಆದಷ್ಟು ಮಟ್ಟಿಗೆ, ಮುಗಿಸಬೇಕು ಎಂದು ಕಾನೂನು ಹೇಳುತ್ತದೆ. ತಡವಾಗುವುದು ಉಂಟು. ಪ್ರತಿ ತಾರೀಖಿಗೂ ನೆನಪಿಸುವಂತೆ ನಿಮ್ಮ ವಕೀಲರಿಗೆ ಹೇಳಿ.

ಎಷ್ಟು ಸಿಗುತ್ತೆ? ಅವರದ್ದು ಸಂಬಳ ಅಲ್ಲ, ಜಮೀನಿನ ಆದಾಯ.

ಇಷ್ಟೇ ಎಂಬ ಪಟ್ಟಿ ಇಲ್ಲ. 2017ರ ಒಂದು ಪ್ರಕರಣದಲ್ಲಿ ಗಂಡನ ಕೈಗೆ ಬರುವ ಸಂಬಳದ ಶೇ. 25 ಸರಿಯಾದೀತು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದೊಂದು ಅಂದಾಜು, ಎಲ್ಲರಿಗೂ ಹಾಗೇ ಆಗುವುದಿಲ್ಲ. ಇಬ್ಬರ ಆದಾಯ, ಆಸ್ತಿ, ಸಾಲ, ಹಿಂದೆ ಬಾಳಿದ ರೀತಿ, ಮಕ್ಕಳ ಓದು, ಅವರ ಮೇಲೆ ಅವಲಂಬಿಸಿದ ಮುದುಕರು ಎಲ್ಲ ನೋಡುತ್ತಾರೆ. ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಹಾಕಲೇಬೇಕು. ಅದರಲ್ಲಿ ಸುಳ್ಳು ಬರೆದರೆ ಕ್ರಮ ಇದೆ.

ಹಾಸನ ಜಿಲ್ಲೆಯ ಕಷ್ಟ ಇರುವುದು ಆದಾಯ ತೋರಿಸುವುದರಲ್ಲಿ. ಸಂಬಳದ ಚೀಟಿ ಇಲ್ಲ. ಆಲೂಗಡ್ಡೆ, ಶುಂಠಿ, ಕಾಫಿ, ಮೆಣಸು, ತೆಂಗು ಎಲ್ಲ ಬಹುಪಾಲು ಕೈಯಿಂದ ಕೈಗೆ ಹೋಗುವ ವ್ಯಾಪಾರ. "ಬೆಳೆ ಹಾಳಾಯ್ತು, ಏನೂ ಬರಲಿಲ್ಲ" ಎಂದು ಹೇಳಿಬಿಟ್ಟರೆ ಆಯಿತು. ಹಾಗಾಗಿ ಕಾಗದ ಹುಡುಕಿ. ಪಹಣಿ ಯಾರು ಬೇಕಾದರೂ ಪಡೆಯಬಹುದು, ಅದರಲ್ಲಿ ಎಷ್ಟು ಎಕರೆ, ಯಾವ ಬೆಳೆ ಎಂದಿರುತ್ತದೆ. ಡೇರಿಗೆ ಹಾಲು ಹಾಕುತ್ತಿದ್ದರೆ ಅದರ ಹಣ ಬ್ಯಾಂಕ್ ಖಾತೆಗೆ ಬಂದಿರುತ್ತದೆ. ಬೆಳೆ ಸಾಲ ತೆಗೆಯುವಾಗ ಅವರೇ ಬ್ಯಾಂಕಿಗೆ ಹೇಳಿದ ಆದಾಯ ಇರುತ್ತದೆ. ಕಾಫಿ ಕೊಟ್ಟ ಕ್ಯೂರಿಂಗ್ ವರ್ಕ್ಸ್ ಬಿಲ್ಲು, ಎಪಿಎಂಸಿ ರಸೀದಿ, ಟ್ರ್ಯಾಕ್ಟರ್ ಮತ್ತು ಕಾರಿನ ಆರ್‌ಸಿ, ಬಾಡಿಗೆಗೆ ಕೊಟ್ಟ ಮಳಿಗೆಯ ಕರಾರು, ಇವೆಲ್ಲ ಮಾತಾಡುತ್ತವೆ. ನಿಮ್ಮ ಕೈಗೆ ಸಿಗದ್ದನ್ನು ಕೋರ್ಟ್ ಮೂಲಕ ತರಿಸಿ ಎಂದು ಅರ್ಜಿ ಹಾಕಬಹುದು.

ಜಮೀನು ಇನ್ನೂ ಮಾವನ ಹೆಸರಿನಲ್ಲಿದ್ದರೂ ಕೈಚೆಲ್ಲಬೇಡಿ. ಒಟ್ಟು ಕುಟುಂಬದ ಜಮೀನಾದರೆ ಅದರಲ್ಲಿ ಗಂಡನ ಪಾಲಿದೆ, ಅದನ್ನೂ ಲೆಕ್ಕಕ್ಕೆ ತರಬಹುದು. "ಕೆಲಸ ಬಿಟ್ಟಿದ್ದೇನೆ" ಎನ್ನುವವರಿಗೆ ಸುಪ್ರೀಂ ಕೋರ್ಟ್ 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ: ಮೈಯಲ್ಲಿ ಶಕ್ತಿ ಇರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮತ್ತು ಎಳೆ ಮಕ್ಕಳನ್ನು ಸಾಕಬೇಕು.

ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ನನಗೆ ಜೀವನಾಂಶ ಸಿಗಲ್ವಾ?

ದುಡಿಯುತ್ತೀರಿ ಎಂಬ ಒಂದೇ ಕಾರಣಕ್ಕೆ ಇಲ್ಲ ಎನ್ನುವುದಿಲ್ಲ. ಆ ಸಂಬಳದಲ್ಲಿ ನೀವು ಮೊದಲಿದ್ದ ರೀತಿಯಲ್ಲಿ ಬದುಕಲು ಆಗುತ್ತದೆಯೇ ಎಂದು ನೋಡುತ್ತಾರೆ. ಓದಿದ್ದೀರಿ, ದುಡಿಯಬಹುದು ಎಂಬುದೂ ಸಾಕಾಗುವುದಿಲ್ಲ. ದುಡಿಯುವ ಯೋಗ್ಯತೆ ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ. ಆದರೆ ಕೆಲಸ ಇರುವುದನ್ನು ಮುಚ್ಚಿಡಬೇಡಿ. ಎದುರಿನವರು ನಿಮ್ಮ ಪಿಎಫ್ ದಾಖಲೆ ತಂದು ತೋರಿಸಿದರೆ ನಿಮ್ಮ ಮಿಕ್ಕ ನಿಜವನ್ನೂ ಕೋರ್ಟ್ ನಂಬುವುದು ಕಷ್ಟ. ಮತ್ತೆ ಮದುವೆ ಆದರೆ ನಿಮ್ಮ ಜೀವನಾಂಶ ನಿಲ್ಲುತ್ತದೆ, ಮಗುವಿನದ್ದು ನಿಲ್ಲುವುದಿಲ್ಲ.

ಆರ್ಡರ್ ಆಗಿದೆ, ಒಂದು ಪೈಸೆ ಬಂದಿಲ್ಲ.

ವಸೂಲಿ ಅರ್ಜಿ ಹಾಕಬೇಕು. ಸೆಕ್ಷನ್ 144ರ ಆದೇಶವಾದರೆ ಬಾಕಿಗೆ ವಾರಂಟ್ ಹೊರಡುತ್ತದೆ. ಆಮೇಲೂ ಕೊಡದಿದ್ದರೆ ಬಾಕಿ ಇರುವ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಬಾಕಿ ಬಿದ್ದ 1 ವರ್ಷದ ಒಳಗೆ ಈ ವಾರಂಟ್ ಅರ್ಜಿ ಹಾಕಲೇಬೇಕು. "ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ" ಎಂದು ಕಾದು ಈ ಗಡುವು ಕಳೆದುಕೊಂಡವರು ಇದ್ದಾರೆ. ಕೆಲಸದಲ್ಲಿರುವವರ ಸಂಬಳದಿಂದಲೇ ಹಿಡಿದು ಕೊಡಿಸಿ ಎಂದೂ ಕೇಳಬಹುದು. ಬೆಲೆ ಏರಿದೆ, ಮಗು ಕಾಲೇಜಿಗೆ ಬಂದಿದೆ ಎಂದರೆ ಮೊತ್ತ ಹೆಚ್ಚಿಸಲು ಬೇರೆ ಅರ್ಜಿ ಇದೆ. ಕೊಡುವವರಿಗೆ ನಿಜವಾಗಿ ಕಷ್ಟ ಬಂದಿದ್ದರೆ ಕಡಿಮೆ ಮಾಡಿಸಲೂ ಅದೇ ದಾರಿ.

ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ?

ಸಾಮಾನ್ಯವಾಗಿ 18ರವರೆಗೆ. ಅಂಗವಿಕಲತೆ ಅಥವಾ ಕಾಯಿಲೆಯಿಂದ ದುಡಿಯಲಾಗದ ಮಗುವಿಗೆ ಆಮೇಲೂ ಸಿಗುತ್ತದೆ. ಮದುವೆಯಾಗದ, ಸ್ವಂತ ಆದಾಯ ಇಲ್ಲದ ಮಗಳಿಗೆ 18 ಆದ ಮೇಲೂ ತಂದೆಯಿಂದ ಕೇಳುವ ಹಕ್ಕು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 20ರಲ್ಲಿದೆ.

ಗಂಡನ ಜಮೀನಿನಲ್ಲಿ ನನಗೆ ಪಾಲು ಸಿಗುತ್ತಾ? ನನ್ನ ಒಡವೆ?

ಡೈವೋರ್ಸ್ ಆದರೆ ಅರ್ಧ ಆಸ್ತಿ ಹೆಂಡತಿಗೆ ಎಂಬ ಕಾನೂನು ನಮ್ಮಲ್ಲಿ ಇಲ್ಲ. ಶಾಶ್ವತ ಜೀವನಾಂಶವನ್ನು ಅವರ ಜಮೀನಿನ ಮೇಲೆ ಹೊರೆಯಾಗಿ ಹಾಕಿ ಎಂದು ಕೇಳಬಹುದು. ಮಕ್ಕಳ ಪಾಲು ಬೇರೆ ಮಾತು. ಅಪ್ಪ ಅಮ್ಮ ಬೇರೆಯಾದರೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಇರುವ ಹಕ್ಕು ಹಾಗೇ ಇರುತ್ತದೆ. ಜಮೀನು ಮಾರುವ ಸುಳಿವು ಸಿಕ್ಕರೆ ತಡೆಯಾಜ್ಞೆಗೆ ಓಡಿ.

ತವರಿನವರು, ನೆಂಟರು, ಗಂಡನ ಮನೆಯವರು ನಿಮಗೆ ಕೊಟ್ಟ ಒಡವೆ, ಪಾತ್ರೆ, ಸೀರೆ ನಿಮ್ಮ ಸ್ತ್ರೀಧನ. ಅದು ಪೂರ್ತಿ ನಿಮ್ಮದು. ಮದುವೆಯ ಫೋಟೋದಲ್ಲಿ ಮೈಮೇಲೆ ಕಾಣುವ ಒಡವೆ, ಅಂಗಡಿಯ ಬಿಲ್ಲು ಜೋಡಿಸಿ ಪಟ್ಟಿ ಮಾಡಿಡಿ.

ಮನೆಯಿಂದ ಹೊರಗೆ ಹಾಕಿದ್ದಾರೆ. ಎಲ್ಲಿಗೆ ಹೋಗಲಿ?

ಜೀವಕ್ಕೆ ಅಪಾಯ ಇದ್ದರೆ ಮೊದಲು 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾಧಿಕಾರಿಯೂ ಹೌದು. ನಿಮ್ಮೂರ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ತೋರಿಸುತ್ತಾರೆ. 2005ರ ಈ ಕಾಯ್ದೆಯಲ್ಲಿ ರಕ್ಷಣೆ, ಮನೆಯಲ್ಲಿ ಇರುವ ಹಕ್ಕು, ಖರ್ಚು, ಪರಿಹಾರ ಎಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ನೆಪಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಡೆತ ಬಿದ್ದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಬಿದ್ದೆ ಎನ್ನದೆ ನಿಜ ಹೇಳಿ ಬರೆಸಿ.

ನಾವು ಮುಸ್ಲಿಮರು, ಕ್ರೈಸ್ತರು. ನಮಗೆ?

ಮುಸ್ಲಿಂ ಹೆಣ್ಣುಮಕ್ಕಳು 1939ರ ಕಾಯ್ದೆಯಡಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು. ಹೆಂಡತಿ ಕೇಳಿ ಪಡೆಯುವ ಖುಲಾ, ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರತ್ ದಾರಿಗಳೂ ಇವೆ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳುವುದು 2019ರ ಕಾಯ್ದೆಯಂತೆ ಅಸಿಂಧು, 3 ವರ್ಷದವರೆಗೆ ಶಿಕ್ಷೆಯ ಅಪರಾಧ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಹಳೇ ಸಿಆರ್‌ಪಿಸಿ ಸೆಕ್ಷನ್ 125ರ (ಈಗಿನ ಸೆಕ್ಷನ್ 144) ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟ ಮಾಡಿದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಚರ್ಚಿನಲ್ಲಿ ಮದುವೆ ರದ್ದಾದರೂ ಕೋರ್ಟಿನ ಡಿಕ್ರಿ ಬೇಕೇ ಬೇಕು. ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮದುವೆ ಆದವರಿಗೆ 1954ರ ಆ ಕಾಯ್ದೆಯ ನಿಯಮಗಳೇ.

ಗುಟ್ಟಾಗಿ ಮಾಡಿದ ಫೋನ್ ರೆಕಾರ್ಡಿಂಗ್ ನಡೆಯುತ್ತಾ?

ಗಂಡ ಹೆಂಡತಿ ನಡುವಿನ ಕೇಸಿನಲ್ಲಿ ಅದನ್ನು ಸಾಕ್ಷಿಯಾಗಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ವಾಟ್ಸಾಪ್ ಮೆಸೇಜು, ಆಡಿಯೊ ಕೊಡುವಾಗ ಕಾನೂನಿನಂತೆ ಪ್ರಮಾಣಪತ್ರವೂ ಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಬೇರೆಯವರಿಗೆ ಆದಾಯದ ಮಿತಿ ಇದೆ. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. 15100ಕ್ಕೆ ಫೋನ್ ಕೂಡ ಮಾಡಬಹುದು. ಹೋಗುವಾಗ ಆಧಾರ್, ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆ ಫೀಸಿನ ರಸೀದಿ, ಬಂದಿರುವ ನೋಟಿಸ್ ಎಲ್ಲ ತಗೊಂಡು ಹೋಗಿ. ನಡೆದದ್ದನ್ನು ತಾರೀಖಿನ ಸಮೇತ ಒಂದೆರಡು ಹಾಳೆಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಡಿಕ್ರಿ ಬಂತು. ಮತ್ತೆ ಮದುವೆ ಯಾವಾಗ ಆಗಬಹುದು?

ಮೇಲ್ಮನವಿಯ ಅವಧಿ ಮುಗಿದ ಮೇಲೆ. ಹಿಂದೂ ವಿವಾಹ ಕಾಯ್ದೆ ಇದಕ್ಕೆ 90 ದಿನ ಕೊಡುತ್ತದೆ. ಎದುರಿನವರು ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಹೋಗಿದ್ದರೆ ಅದು ಮುಗಿಯುವವರೆಗೆ ಕಾಯಬೇಕು. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗೆ ಸಾಮಾನ್ಯವಾಗಿ ಮೇಲ್ಮನವಿ ಇರುವುದಿಲ್ಲ, ಆದರೂ ವಕೀಲರನ್ನು ಕೇಳಿ ಮುಂದುವರಿಯಿರಿ. ಡಿಕ್ರಿಯ ದೃಢೀಕೃತ ನಕಲನ್ನು ಎರಡು ಮೂರು ಪ್ರತಿ ತೆಗೆಸಿಡಿ. ಪಾಸ್‌ಪೋರ್ಟ್, ರೇಷನ್ ಕಾರ್ಡ್, ಬ್ಯಾಂಕು, ಮುಂದಿನ ಮದುವೆಯ ರಿಜಿಸ್ಟ್ರೇಷನ್ ಹೀಗೆ ಹಲವು ಕಡೆ ಅದನ್ನು ಕೇಳುತ್ತಾರೆ. ಇನ್ಶೂರೆನ್ಸ್, ಪಿಎಫ್ ನಾಮಿನಿಯಲ್ಲಿ ಹಳೇ ಹೆಸರು ಇದ್ದರೆ ಅದನ್ನು ನೀವೇ ಹೋಗಿ ಬದಲಾಯಿಸಬೇಕು.